ಕಡಲ ತೊಟ್ಟಿಲಲ್ಲಿ ಎಂಟು ದಿನ

ನೆಲದ ಮೇಲೆ ಹುಟ್ಟಿ ನೆಲದ ಮೇಲೆಯೇ ಬೆಳೆದ ಮನುಷ್ಯನಿಗೆ ತನ್ನ ಕಾಲ ಕೆಳಗಿನ ಭೂಮಿ ಅಲುಗದೆಂಬ ನಂಬಿಕೆ ಸಹಜವಾಗಿಯೇ ಇರುತ್ತದೆ. ಆ ನಂಬಿಕೆಗೆ ಮೊದಲ ಪೆಟ್ಟು ಬೀಳುವುದು ನೀರಿನ ಮೇಲೆ. ಸಂಸ್ಕೃತದಲ್ಲಿ ಹಡಗಿಗೆ ‘ನೌ’ ಎಂದು ಹೆಸರು. ನೌಕೆ, ನಾವಿಕ, ನಾವೆ ಎಂಬ ಮಾತುಗಳೆಲ್ಲ ಅದರ ಬಳಗದವು. ಗ್ರೀಕ್ ಭಾಷೆಯಲ್ಲಿ ಅದೇ ಮೂಲದ ‘ನೌಸ್’ ಎಂಬ ಶಬ್ದವುಂಟು. ಹೊಟ್ಟೆ ತೊಳಸಿ ಓಕರಿಕೆ ಬರುವುದಕ್ಕೆ ವೈದ್ಯರು ಇಂದಿಗೂ ಬಳಸುವ ‘ನಾಸಿಯಾ’ ಎಂಬ ಮಾತು ಹುಟ್ಟಿದ್ದು ಆ ‘ನೌಸ್’ನಿಂದಲೇ. ಹಡಗಿಗೂ ಹೊಟ್ಟೆಯ ಸಂಕಟಕ್ಕೂ ಇರುವ ನಂಟು ಎಷ್ಟು ಪ್ರಾಚೀನವಾದುದೆಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ.

ಈಗ ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ತಂದೆತಾಯಂದಿರು ಅವರನ್ನು ಕಾಣಲು ಹೋಗುತ್ತಾರೆ. ಹೋದವರನ್ನು ಮಕ್ಕಳು ಪ್ರೀತಿಯಿಂದ ಸಮುದ್ರ ವಿಹಾರಕ್ಕೆ ಕರೆದೊಯ್ಯುವುದು ರೂಢಿಯಾಗಿದೆ. ಹಿರಿಯರಲ್ಲಿ ಕೆಲವರು ಸಂತೋಷದಿಂದ ಒಪ್ಪುತ್ತಾರೆ, ಕೆಲವರು ಅಂಜಿ ಹಿಂದೆ ಸರಿಯುತ್ತಾರೆ. 2023ರ ಜೂನ್ ತಿಂಗಳಲ್ಲಿ ಅಂತಹ ಒಂದು ಪ್ರಯಾಣ ನಮಗೆ ಒದಗಿತು. ಅಮೆರಿಕದ ಸಿಯಾಟಲ್ ಬಂದರಿನಿಂದ ಅಲಾಸ್ಕಾದವರೆಗೆ ಹೋಗಿ ಮರಳುವ ಏಳು ರಾತ್ರಿ ಎಂಟು ದಿನಗಳ ಯಾನವದು. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ವಾಚಕ ಬಂಧುಗಳ ಮುಂದಿಡುವುದು ಉಪಯುಕ್ತವಾದೀತೆಂದು ಈ ಬರಹ.

ನಾವು ಬೆಳೆದದ್ದು ಬಯಲುಸೀಮೆಯಲ್ಲಿ. ಎಂಟನೆಯ ವಯಸ್ಸಿಗೆ ಮಠದ ಪ್ರಸಾದನಿಲಯವನ್ನು ಸೇರಿ, ಅಲ್ಲಿಯೇ ಅಮರಕೋಶವನ್ನು ಕಂಠಪಾಠ ಮಾಡಿದವರು. ಅದರಲ್ಲಿ ಸಮುದ್ರಕ್ಕಿರುವ ಹೆಸರುಗಳನ್ನೆಲ್ಲ ಒಪ್ಪಿಸಬಲ್ಲವರಾಗಿದ್ದೆವಾದರೂ ಸಮುದ್ರವನ್ನು ಕಣ್ಣಾರೆ ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಾರವಾರದಲ್ಲಿ. ನಮ್ಮ ಹೊಟ್ಟೆ ಗಟ್ಟಿಯಾದುದು. ಎತ್ತಿನ ಬಂಡಿಯಾಗಲಿ ಕೆಂಪು ಬಸ್ಸಾಗಲಿ, ಅದಕ್ಕೆ ಯಾವ ಬಾಧೆಯೂ ಇಲ್ಲ. ನಮ್ಮ ಮನೆಯವರ ಸಂಗತಿ ಬೇರೆ.

ಅವರ ಅಕ್ಕನನ್ನು ಕೊಟ್ಟದ್ದು ಸರಕಾರಿ ನೌಕರಿಯ ನಿಮಿತ್ತ ಕಾರವಾರದಲ್ಲಿ ನೆಲೆಸಿದ್ದ ಮನೆತನಕ್ಕೆ. ಧಾರವಾಡದಿಂದ ಅಲ್ಲಿಗೆ ಹೋಗಬೇಕಾದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟವನ್ನು ಇಳಿಯಬೇಕು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೋದಾಗ ಆ ಘಟ್ಟದ ತಿರುವುಗಳಲ್ಲಿ ನಮ್ಮ ಮನೆಯವರು ಪಟ್ಟ ಪಾಡು ಹೇಳತೀರದು. ಬಸ್ಸು ನಿಲ್ಲಿಸಿ ರಸ್ತೆಯ ಬದಿಯಲ್ಲಿ ಮಲಗಿಸಬೇಕಾಯಿತು. ಅಂದಿನಿಂದ ಅವರು ಘಟ್ಟ ಇಳಿಯಲಿಲ್ಲ. ಅಕ್ಕನೇ ವರ್ಷಕ್ಕೊಮ್ಮೆ ಮೇಲೆ ಬಂದು ತಂಗಿಯ ಮುಖ ನೋಡಿ ಹೋಗುತ್ತಿದ್ದರು. ಈಚೆಗೆ ಆ ಅಕ್ಕನಿಗೆ ಮೊಳಕಾಲಿನ ನೋವು ಹೆಚ್ಚಾಗಿ ಪ್ರಯಾಣ ನಿಂತುಹೋಯಿತು. ಅಕ್ಕತಂಗಿಯರ ಭೇಟಿ ಫೋನಿಗೆ ಸೀಮಿತವಾಯಿತು. ಹೊಟ್ಟೆಯ ಒಂದು ತೊಳಸಾಟ ಮನುಷ್ಯನ ಸುತ್ತ ಎಂತಹ ಬೇಲಿ ಕಟ್ಟಬಲ್ಲದೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ.

ಹೀಗಿರುವಾಗ ಸಿಯಾಟಲ್ಲಿನಲ್ಲಿರುವ ಮಗಳು ಹಡಗಿನ ಮಾತೆತ್ತಿದಳು. ನಮ್ಮ ಮನೆಯವರು ಕೂಡಲೇ ಕೈ ಆಡಿಸಿಬಿಟ್ಟರು. “ಅರಬೈಲ ಘಟ್ಟದಾಗ ಒಂದ್ ತಾಸು ತಡಕೊಳ್ಳದ ಹೊಟ್ಟಿ, ಎಂಟ್ ದಿನ ಸಮುದ್ರದಾಗ ತಡೀತೈತೇನ? ನೀವೆಲ್ಲಾ ಹೋಗಿ ಬರ್ರಿ. ನಾ ಮನ್ಯಾಗ ಇರ್ತೇನಿ.” ಮಗಳು ಹಟ ಬಿಡಲಿಲ್ಲ. “ಅವ್ವಾ, ನೀ ಬರದಿದ್ರ ನಾವ್ಯಾರೂ ಹೋಗೂದಿಲ್ಲ. ಮೊದಲ ಡಾಕ್ಟರನ್ನ ಕೇಳೂಣು, ಆಮ್ಯಾಲ ನೀನ ನಿರ್ಧಾರ ಮಾಡು” ಎಂದಳು. ಈ ಮಾತು ಅವರಿಗೆ ಹಿಡಿಸಿತು. ಒತ್ತಾಯಕ್ಕೆ ಒಪ್ಪದ ಮನಸ್ಸು ಕೆಲವೊಮ್ಮೆ ವಿಚಾರಕ್ಕೆ ಒಪ್ಪುತ್ತದೆ.

ವೈದ್ಯರು ಸಮಾಧಾನದಿಂದ ತಿಳಿಸಿ ಹೇಳಿದರು. ನಮ್ಮ ಒಳಕಿವಿಯಲ್ಲಿ ಶಬ್ದ ಕೇಳುವ ಅಂಗದ ಪಕ್ಕದಲ್ಲಿಯೇ ಇನ್ನೊಂದು ಅಂಗವಿದೆ. ಅರ್ಧವೃತ್ತಾಕಾರದ ಮೂರು ನಾಳಗಳೂ ಎರಡು ಪುಟ್ಟ ಚೀಲಗಳೂ ಕೂಡಿ ಆದದ್ದು. ತಲೆ ತಿರುಗಿದ್ದನ್ನು ನಾಳಗಳು ಅರಿಯುತ್ತವೆ. ಏರಿಳಿತವನ್ನೂ ಓರೆಯಾದದ್ದನ್ನೂ ಚೀಲಗಳು ಅರಿಯುತ್ತವೆ. ಹಡಗಿನ ಕೋಣೆಯಲ್ಲಿ ಕುಳಿತಾಗ ಗೋಡೆ, ಮೇಜು, ಮಂಚ ಎಲ್ಲವೂ ನಮ್ಮೊಡನೆಯೇ ಚಲಿಸುವುದರಿಂದ ಕಣ್ಣು ‘ಎಲ್ಲವೂ ಸ್ಥಿರ’ವೆಂದು ಹೇಳುತ್ತದೆ. ಒಳಕಿವಿ ‘ಇಲ್ಲ, ಅಲುಗುತ್ತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದ ಮಿದುಳು ಗೊಂದಲಗೊಂಡಾಗ ಬೆವರು, ಆಕಳಿಕೆ, ತಲೆಸುತ್ತು, ಕೊನೆಗೆ ವಾಂತಿ. ಇದು ಹೊಟ್ಟೆಯ ರೋಗವಲ್ಲ, ಮನೋದೌರ್ಬಲ್ಯವೂ ಅಲ್ಲ. ಒಳಕಿವಿಯ ಈ ಅಂಗ ಕೆಲಸ ಮಾಡದವರಿಗೆ ಕಡಲಬೇನೆ ಬರುವುದೇ ಇಲ್ಲ. ಅಮೆರಿಕದ ವಿದ್ವಾಂಸ ವಿಲಿಯಂ ಜೇಮ್ಸ್ 1882ರಲ್ಲಿಯೇ ಕಿವುಡ-ಮೂಕರನ್ನು ವಿಚಾರಿಸಿ, ಅವರಲ್ಲಿ ಅನೇಕರಿಗೆ ತಲೆಸುತ್ತೇ ಬರುವುದಿಲ್ಲವೆಂಬುದನ್ನು ಕಂಡುಕೊಂಡಿದ್ದನು.

“ಅಂದ್ರ ನನ್ನ ಕಿವಿ ಬಹಳ ಚಲೋ ಕೆಲಸ ಮಾಡ್ತೈತಿ ಅಂತಾತು” ಎಂದು ನಮ್ಮ ಮನೆಯವರು ನಕ್ಕರು. ಮೂವತ್ತೈದು ವರ್ಷ ತಮ್ಮ ದೌರ್ಬಲ್ಯವೆಂದು ನಾಚಿಕೊಂಡಿದ್ದ ಸಂಗತಿ ದೇಹದ ಸಹಜ ಧರ್ಮವೆಂದು ತಿಳಿದಾಗ ಅವರ ಮುಖದ ಮೇಲೆ ಮೂಡಿದ ನೆಮ್ಮದಿಯನ್ನು ನಾವು ಮರೆಯಲಾರೆವು. ಮನೆಗೆ ಬರುವ ದಾರಿಯಲ್ಲಿಯೇ “ಹೋಗೂಣ್ರಿ” ಎಂದರು.

ದೊಡ್ಡವರೆನಿಸಿಕೊಂಡವರನ್ನೂ ಈ ಬೇನೆ ಬಿಟ್ಟಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ನೌಕಾಪತಿ ನೆಲ್ಸನ್ನನು ಜೀವನವನ್ನೆಲ್ಲ ಕಡಲ ಮೇಲೆ ಕಳೆದರೂ ಗಾಳಿ ಬಲವಾದಾಗಲೆಲ್ಲ ವಾಂತಿಯಿಂದ ನರಳುತ್ತಿದ್ದನು. ಚಾರ್ಲ್ಸ್ ಡಾರ್ವಿನ್ನನು 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಜಗತ್ತನ್ನು ಸುತ್ತಿದನಷ್ಟೆ. ಆ ಐದು ವರ್ಷಗಳುದ್ದಕ್ಕೂ ಈ ಸಂಕಟ ಅವನ ಬೆನ್ನು ಬಿಡಲಿಲ್ಲ. ಬೇನೆ ಜೋರಾದಾಗ ಅವನ ಹೊಟ್ಟೆ ತಡೆಯುತ್ತಿದ್ದುದು ಒಣದ್ರಾಕ್ಷಿಯೊಂದನ್ನೇ. ಉಕ್ಕು ತಯಾರಿಸುವ ಹೊಸ ವಿಧಾನದಿಂದ ಹೆಸರಾದ ಹೆನ್ರಿ ಬೆಸೆಮರನು ತಾನೇ ಈ ಬೇನೆಯಿಂದ ಬಳಲಿ, ಹೊರಳುವ ಹಡಗಿನೊಳಗೆ ಸಮತಟ್ಟಾಗಿ ನಿಲ್ಲುವ ತೂಗು ಕೋಣೆಯೊಂದನ್ನು ನಿರ್ಮಿಸಿದನು. ಆದರೆ 1875ರಲ್ಲಿ ಆ ಹಡಗು ಕ್ಯಾಲೆ ಬಂದರಿನ ಕಟ್ಟೆಗೇ ಡಿಕ್ಕಿ ಹೊಡೆದು, ಆ ಪ್ರಯತ್ನ ಅಲ್ಲಿಗೆ ಮುಗಿಯಿತು. ಇತ್ತ 1888ರಲ್ಲಿ ಹತ್ತೊಂಬತ್ತು ತುಂಬದ ತರುಣ ಗಾಂಧೀಜಿ ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಾಗ ಅವರಿಗೆ ಕಡಲಬೇನೆ ತಟ್ಟಲೇ ಇಲ್ಲವೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಬೇನೆಗೂ ಧೈರ್ಯಕ್ಕೂ ಸಂಬಂಧವಿಲ್ಲವೆಂಬುದು ಇದರಿಂದ ಸ್ಪಷ್ಟ.

ಗಾಂಧೀಜಿಯವರಿಗೆ ಅಡ್ಡಿಯಾದದ್ದು ಅಲೆಗಳಲ್ಲ, ಜಾತಿಯ ಪಂಚರು. ಸಮುದ್ರ ದಾಟಲು ಹೊರಟರೆಂಬ ಕಾರಣಕ್ಕೆ ಅವರಿಗೆ ಬಹಿಷ್ಕಾರ ಹಾಕಲಾಯಿತು. ಬೌಧಾಯನ ಧರ್ಮಸೂತ್ರದಲ್ಲಿ ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳ ಸಾಲಿನಲ್ಲಿ ಹೇಳಿದೆ. ಅದೇ ಗ್ರಂಥವು ಸಮುದ್ರಯಾನವನ್ನು ಉತ್ತರದವರ ಆಚಾರವೆಂದೂ ಹೇಳಿರುವುದರಿಂದ, ಆ ಕಾಲದಲ್ಲಿಯೂ ಜನ ಕಡಲಿಗಿಳಿಯುತ್ತಿದ್ದರೆಂಬುದು ಸಿದ್ಧವಾಗುತ್ತದೆ. ಶಾಸ್ತ್ರ ಬೇಡವೆಂದರೂ ಹೊಟ್ಟೆಪಾಡು ಮತ್ತು ಕುತೂಹಲಗಳು ಮನುಷ್ಯನನ್ನು ನೀರಿಗೆ ನೂಕುತ್ತಲೇ ಬಂದಿವೆ.

ಹೊರಡುವ ಮೊದಲಿನ ಸಿದ್ಧತೆಯೇ ಅರ್ಧ ಚಿಕಿತ್ಸೆ. ಮೊದಲನೆಯದು ಕೋಣೆಯ ಆಯ್ಕೆ. ತಕ್ಕಡಿಯನ್ನು ನೋಡಿರಿ, ತಟ್ಟೆಗಳೆರಡೂ ಏರಿಳಿಯುತ್ತವೆ, ದಾಂಡಿಯ ನಡುಭಾಗ ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿರುತ್ತದೆ. ಹಡಗೂ ಹಾಗೆಯೇ. ಮೂತಿಯ ಕಡೆಯ ಕೋಣೆಗಳೂ ಎತ್ತರದ ಅಂತಸ್ತಿನ ಕೋಣೆಗಳೂ ಹೆಚ್ಚು ತೂಗಾಡುತ್ತವೆ. ನಡುಭಾಗದ ಕೆಳ ಅಂತಸ್ತಿನಲ್ಲಿ ಚಲನೆ ಕಡಿಮೆ. ಅಳಿಯಂದಿರು ಈ ತತ್ತ್ವವನ್ನರಿತು ನಡುಭಾಗದಲ್ಲಿಯೇ, ಕಿಟಕಿಯುಳ್ಳ ಕೋಣೆಯನ್ನು ಕಾದಿರಿಸಿದ್ದರು.

ಎರಡನೆಯದು ಔಷಧ. ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಒಬ್ಬ ಗರ್ಭಿಣಿಗೆ ಮೈಮೇಲಿನ ಪಿತ್ತದ ಗಂಧೆಗಳಿಗಾಗಿ ಹೊಸದೊಂದು ಮದ್ದು ಕೊಡಲಾಯಿತು. ಟ್ರಾಮಿನಲ್ಲಿ ಕುಳಿತರೆ ಸದಾ ವಾಂತಿಯಾಗುತ್ತಿದ್ದ ಆಕೆಗೆ ಮದ್ದು ತಿಂದ ದಿನಗಳಲ್ಲಿ ಆ ತೊಂದರೆ ಇಲ್ಲವಾಯಿತು. ಮರುವರ್ಷ ಸೈನಿಕರು ತುಂಬಿದ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಅದನ್ನು ಪರೀಕ್ಷಿಸಿದರು. ಅದೇ ಡ್ರಾಮಮೀನ್ ಎಂಬ ಹೆಸರಿನ ಮಾತ್ರೆ. ನಮ್ಮಲ್ಲಿ ಬಸ್ಸಿನ ಪ್ರಯಾಣಿಕರಿಗೆ ಪರಿಚಿತವಾದ ಅವೋಮಿನ್ ಕೂಡ ಹೆಚ್ಚುಕಡಿಮೆ ಇದೇ ಬಗೆಯದು. ಇಂತಹ ಮಾತ್ರೆಗಳನ್ನು ಸಂಕಟ ಆರಂಭವಾಗುವ ಮೊದಲೇ ಸೇವಿಸಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಇವುಗಳಿಂದ ನಿದ್ದೆಯ ಮಂಪರು ಬರುತ್ತದೆಂಬುದನ್ನೂ ನೆನಪಿಡಬೇಕು. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಸ್ಕೊಪೊಲಮೀನ್ ಪಟ್ಟಿಯೊಂದುಂಟು. ಮೂರು ದಿನ ಕೆಲಸ ಮಾಡುತ್ತದೆ. ಆದರೆ ಕಣ್ಣಿನ ಗ್ಲಾಕೋಮಾ ಇದ್ದವರಿಗೂ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಗಂಡಸರಿಗೂ ಅದು ತೊಂದರೆ ಕೊಡಬಲ್ಲದು. ವಯಸ್ಸಾದವರಿಗೆ ಬುದ್ಧಿಭ್ರಮೆಯನ್ನೂ ತರಬಹುದು. ಆದುದರಿಂದ ನಮ್ಮ ವಯಸ್ಸಿನವರು ವೈದ್ಯರನ್ನು ಕೇಳದೆ ಯಾವುದನ್ನೂ ಬಳಸಬಾರದು.

ಮೂರನೆಯದು ನಮ್ಮ ಅಜ್ಜಿಯರ ಶುಂಠಿ. ಅಡುಗೆಮನೆಯ ಈ ಮದ್ದನ್ನು ಪಾಶ್ಚಾತ್ಯರೂ ಪರೀಕ್ಷಿಸಿದ್ದಾರೆ. ಡೆನ್ಮಾರ್ಕಿನಲ್ಲಿ ನೌಕಾಪಡೆಯ ಎಂಬತ್ತು ಮಂದಿ ತರುಣರ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗ್ರಾಂ ಶುಂಠಿಪುಡಿ ಸೇವಿಸಿದವರಲ್ಲಿ ವಾಂತಿ ಕಡಿಮೆಯಾದದ್ದು ಕಂಡುಬಂದಿತು. ನಮ್ಮ ಮನೆಯವರು ಒಣಶುಂಠಿಯ ಪುಡಿಯನ್ನೂ ಶುಂಠಿ ಪೆಪ್ಪರಮಿಂಟನ್ನೂ ಸೀಲು ಮಾಡಿದ ಪೊಟ್ಟಣಗಳಲ್ಲಿಯೇ ಇಟ್ಟುಕೊಂಡರು.

ನಮ್ಮ ಹಡಗು ಮುನ್ನೂರು ಮೀಟರಿಗೆ ತುಸು ಕಡಿಮೆ ಉದ್ದದ್ದು. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ಊರೊಂದು ನೀರಿಗಿಳಿದಂತೆ. ಹತ್ತಿದೊಡನೆ ಮೊದಲ ಕೆಲಸ ಅಪಾಯಕಾಲದ ತಾಲೀಮು. ಯಾರು ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂಬುದನ್ನು ಎಲ್ಲರೂ ಕಲಿಯಲೇಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಕಟ್ಟಳೆಗಳೇ ಈ ಶಿಸ್ತಿಗೆ ಮೂಲ. ಆ ರಾತ್ರಿ ಹಡಗು ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನಲ್ಲಿ ಕೆರೆಯ ಮೇಲೆ ತೇಲಿದಂತೆ ಸಾಗಿತು. ಮಲಗುವ ಮುನ್ನ ನಮ್ಮ ಮನೆಯವರು ಮಾತ್ರೆ ನುಂಗಿದರು. “ಇಷ್ಟ ಆದ್ರ ಘಟ್ಟಕ್ಕಿಂತ ಸಸಾರ” ಎಂದು ಹೇಳಿ ನಿದ್ದೆ ಹೋದರು.

ಎರಡನೆಯ ದಿನ ಬೆಳಗಿನ ಜಾವಕ್ಕೆ ಹಡಗು ಹುವಾನ್ ಡಿ ಫುಕಾ ಜಲಸಂಧಿಯನ್ನು ದಾಟಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರಕ್ಕೆ ಬಂದಿತ್ತು. ಬಚ್ಚಲಿನ ಬಾಗಿಲು ತಾನಾಗಿ ತೆರೆದು ಮುಚ್ಚುತ್ತಿತ್ತು. ಮೇಜಿನ ಮೇಲಿನ ಲೋಟ ಸರಿದಾಡುತ್ತಿತ್ತು. ಅಲೆಗಳು ಮೂರು ಮೀಟರಿನಷ್ಟು ಎತ್ತರವಿವೆಯೆಂದು ಕಪ್ತಾನರು ಧ್ವನಿವರ್ಧಕದಲ್ಲಿ ತಿಳಿಸಿದರು. ಲಿಫ್ಟಿನ ಬಳಿ ಕಾಗದದ ಚೀಲಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಅವುಗಳನ್ನು ನೋಡಿಯೇ ಕೆಲವರ ಮುಖ ಬಿಳುಪೇರಿತು.

ಹಡಗಿನ ಚಲನೆ ಆರು ಬಗೆಯದು. ಎಡಬಲಕ್ಕೆ ಹೊರಳುವುದು, ಮೂತಿ ಎದ್ದು ಬೀಳುವುದು, ಮೂತಿ ಅತ್ತಿತ್ತ ತಿರುಗುವುದು, ಇಡೀ ಹಡಗೇ ಮೇಲೇರಿ ಕೆಳಗಿಳಿಯುವುದು, ಪಕ್ಕಕ್ಕೆ ಸರಿಯುವುದು, ಮುಂದಕ್ಕೂ ಹಿಂದಕ್ಕೂ ಜಗ್ಗುವುದು. ಹೊರಳುವುದನ್ನು ತಡೆಯಲು ನೀರಿನ ಕೆಳಗೆ ಇಕ್ಕೆಲಗಳಲ್ಲಿ ಮೀನಿನ ರೆಕ್ಕೆಯಂತಹ ಸ್ಟೆಬಿಲೈಸರುಗಳಿರುತ್ತವೆ. ಹಡಗು ಎಡಕ್ಕೆ ವಾಲಿದರೆ ಅವು ತಮ್ಮ ಕೋನ ಬದಲಿಸಿ ಅದನ್ನು ಬಲಕ್ಕೆ ಒತ್ತುತ್ತವೆ. ಆದರೆ ಮೇಲೇರಿ ಕೆಳಗಿಳಿಯುವುದಕ್ಕೆ ಅವುಗಳಲ್ಲಿ ಮದ್ದಿಲ್ಲ. ಹೊಟ್ಟೆಯನ್ನು ಹೆಚ್ಚು ಕೆಡಿಸುವುದೂ ಅದೇ. ಸುಮಾರು ಐದು ಸೆಕೆಂಡುಗಳಿಗೊಮ್ಮೆ ಏರಿಳಿಯುವ ಚಲನೆಯೇ ಎಲ್ಲಕ್ಕಿಂತ ಕೆಟ್ಟದ್ದೆಂದು 1970ರ ದಶಕದ ಪ್ರಯೋಗಗಳು ತೋರಿಸಿವೆ. ಅದಕ್ಕಿಂತ ಬಹಳ ನಿಧಾನವಾದ ತೂಗಾಟವನ್ನೂ ಬಹಳ ಬೇಗದ ಕುಲುಕಾಟವನ್ನೂ ದೇಹ ಸುಲಭವಾಗಿ ಸಹಿಸುತ್ತದೆ.

ನಮ್ಮ ಮನೆಯವರ ಹಣೆಯ ಮೇಲೆ ಬೆವರು ಮೂಡಿತು. ಮಾತು ನಿಂತಿತು. ಮಂಚದ ಅಂಚನ್ನು ಹಿಡಿದು ಕುಳಿತು, “ಬಂದದ್ದು ತಪ್ಪಾತೇನ್ರಿ?” ಎಂದು ಮೆಲ್ಲಗೆ ಕೇಳಿದರು. ಏನು ಹೇಳುವುದು? ಎಂಟು ದಿನಗಳಲ್ಲಿ ಇದು ಎರಡನೆಯದು. ಹಡಗು ಬಸ್ಸಲ್ಲ, ನಿಲ್ಲಿಸಿ ಇಳಿಯಲು. ಮಗಳ ಮುಖ ಸಪ್ಪಗಾಯಿತು. ಕೋಣೆಯಲ್ಲಿಯೇ ಮಲಗಿಸಬೇಕೆಂದು ಅವಳೂ, ಹೊರಗೆ ಕರೆದೊಯ್ಯಬೇಕೆಂದು ನಾವೂ ಯೋಚಿಸುತ್ತಿರುವಾಗ ಅವರೇ ಎದ್ದು, “ಗಾಳಿ ಬೇಕು, ನಡೀರಿ” ಎಂದು ಗೋಡೆಯ ಹಿಡಿಕೆಯನ್ನು ಹಿಡಿದು ಹೊರಟರು.

ಹೊರಗಿನ ಡೆಕ್ಕಿನಲ್ಲಿ ಕುರ್ಚಿಗಳನ್ನು ಕಟ್ಟುತ್ತಿದ್ದ ಹುಡುಗನೊಬ್ಬ ನಮ್ಮ ಮಾತನ್ನು ಕೇಳಿ ತಿರುಗಿ ನೋಡಿದ. ಕುಂದಾಪುರದ ಕಡೆಯವನು. ಇಂತಹ ಹಡಗುಗಳಲ್ಲಿ ಗೋವಾ, ಮಂಗಳೂರು ಕರಾವಳಿಯ ಮಕ್ಕಳು ಬಹಳ ಮಂದಿ ದುಡಿಯುತ್ತಾರೆ. “ಅಮ್ಮ, ಅಲ್ಲಿ ಮುಂದೆ ಹೋಗಬೇಡಿ. ಇಲ್ಲೇ ನಡುವಲ್ಲಿ ಕೂತ್ಕೊಳ್ಳಿ. ಅಲೆ ನೋಡ್ಬೇಡಿ, ಮೊಬೈಲು ನೋಡ್ಬೇಡಿ. ದೂರದಲ್ಲಿ ಗೆರೆ ಕಾಣ್ತದಲ್ಲ, ಅದನ್ನೇ ನೋಡಿ” ಎಂದ. ಬಳಿಕ ಹಸಿರು ಸೇಬಿನ ಹೋಳುಗಳನ್ನೂ ಉಪ್ಪು ಬಿಸ್ಕತ್ತುಗಳನ್ನೂ ತಂದುಕೊಟ್ಟ. ನೀರೂ ಬಾನೂ ಕೂಡುವ ಆ ಗೆರೆ ಅಲುಗುವುದಿಲ್ಲ. ಅದನ್ನು ನೋಡುತ್ತಿದ್ದರೆ ತಾನು ಏರಿಳಿಯುತ್ತಿರುವುದು ಕಣ್ಣಿಗೂ ತಿಳಿಯುತ್ತದೆ. ಆಗ ಕಣ್ಣು ಮತ್ತು ಕಿವಿ ಒಂದೇ ಸಾಕ್ಷಿ ಹೇಳುತ್ತವೆ, ಜಗಳ ಶಾಂತವಾಗುತ್ತದೆ. ನಮ್ಮ ಮನೆಯವರು ಶಾಲು ಹೊದ್ದು, ತಲೆಯನ್ನು ಹಿಂದಕ್ಕಾನಿಸಿ, ಎರಡು ತಾಸು ಆ ಗೆರೆಯನ್ನೇ ನೋಡುತ್ತ ಕುಳಿತರು. ಒಮ್ಮೆ ವಾಂತಿಯಾಯಿತು, ಆಮೇಲೆ ಆಗಲಿಲ್ಲ. ಮಧ್ಯಾಹ್ನ ಮಜ್ಜಿಗೆ ಅನ್ನ ಕೇಳಿದರು. ಅಡುಗೆಯವರು ಮೊಸರು ಅನ್ನ ಒದಗಿಸಿದರು.

ಮೂರನೆಯ ದಿನಕ್ಕೆ ದೇಹ ಹೊಂದಿಕೊಂಡಿತು. ಇದಕ್ಕೆ ನಾವಿಕರು ‘ಕಡಲ ಕಾಲು’ ಬಂದವೆನ್ನುತ್ತಾರೆ. ಮಿದುಳು ಎರಡು ಮೂರು ದಿನಗಳಲ್ಲಿ ಹೊಸ ಚಲನೆಯ ಲೆಕ್ಕವನ್ನು ಕಲಿತುಬಿಡುತ್ತದೆ. ಅಷ್ಟರಲ್ಲಿ ಹಡಗೂ ದ್ವೀಪಗಳ ನಡುವಿನ ಒಳದಾರಿಯನ್ನು ಸೇರಿತ್ತು. ಅಲ್ಲಿ ನೀರು ಶಾಂತ. ಅಂಜಿಕೆಯಿದ್ದವರಿಗೆ ನಾವು ಇಂತಹ ಮಾರ್ಗವನ್ನೇ ಸೂಚಿಸುತ್ತೇವೆ. ತೆರೆದ ಸಾಗರ ಒಂದೆರಡು ದಿನ ಮಾತ್ರ, ಉಳಿದುದೆಲ್ಲ ಬೆಟ್ಟಗಳ ಮರೆಯ ನೀರು.

ಆಹಾರದ ಬಗ್ಗೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆಯುಂಟು. ಟಿಕೆಟ್ಟು ಕಾದಿರಿಸುವಾಗಲೇ ಸಸ್ಯಾಹಾರವೆಂದು ಬರೆಯಿಸಿ, ಹಡಗು ಹತ್ತಿದೊಡನೆ ಭೋಜನಶಾಲೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ತಿಳಿಸಿದ್ದರಿಂದ ನಮಗೆ ದಿನವೂ ಬೇಳೆ, ಪಲ್ಯ, ಚಪಾತಿ ದೊರೆತವು. ಜೋಳದ ರೊಟ್ಟಿಯ ಆಸೆಯನ್ನು ಎಂಟು ದಿನ ಬಿಡಬೇಕಾಯಿತು. ಊಟದ ಸಮೃದ್ಧಿ ಅಲ್ಲಿ ಮಿತಿಮೀರಿದ್ದು. ಹೊಟ್ಟೆ ಬಿರಿಯ ತಿಂದರೂ, ಪೂರ್ತಿ ಖಾಲಿ ಬಿಟ್ಟರೂ ಸಂಕಟವೇ. ಸ್ವಲ್ಪ ಸ್ವಲ್ಪವಾಗಿ, ಎಣ್ಣೆ ಮಸಾಲೆ ಕಡಿಮೆ ಮಾಡಿ ತಿನ್ನುವವನೇ ಸುಖಿ.

ಇಷ್ಟಲಿಂಗ ಪೂಜೆಯನ್ನು ಹೇಗೆ ಮಾಡಿದಿರೆಂದು ಕೇಳಿದವರುಂಟು. ಹಡಗಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ಬೆಂಕಿಯ ಭಯದಿಂದ ಅದು ಕಟ್ಟುನಿಟ್ಟಿನ ನಿಯಮ. ವಿಭೂತಿ, ನೀರು ಇದ್ದರೆ ಸಾಕಾಯಿತು. ದೇಹದ ಮೇಲೆಯೇ ಧರಿಸುವ ಲಿಂಗಕ್ಕೆ ನೆಲವೇನು, ನೀರೇನು? ಅಲುಗಾಟ ಹೆಚ್ಚಿದ್ದ ದಿನ ಅಂಗೈಯಲ್ಲಿ ದೃಷ್ಟಿ ನಿಲ್ಲಿಸಿದೊಡನೆ ನಮ್ಮ ಮನೆಯವರಿಗೆ ತಲೆ ಸುತ್ತಿತು. ಹತ್ತಿರದ ವಸ್ತುವನ್ನು ದಿಟ್ಟಿಸುವುದು ಅಂತಹ ಹೊತ್ತಿನಲ್ಲಿ ಸಂಕಟವನ್ನು ಹೆಚ್ಚಿಸುತ್ತದೆ. ಕಣ್ಣು ಮುಚ್ಚಿ, ಬೆನ್ನನ್ನು ಗೋಡೆಗಾನಿಸಿ ಪೂಜೆ ಮುಗಿಸಿದರು.

ಕೆಚಿಕನ್ ಎಂಬ ಮೊದಲ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಆಗುಂಬೆಯ ಅರ್ಧದಷ್ಟಾದರೂ ಸರಿ, ಕೊಡೆಯಿಲ್ಲದೆ ನಡೆಯುವಂತಿಲ್ಲ. ಅಲ್ಲಿಯ ಮೂಲನಿವಾಸಿ ಟ್ಲಿಂಗಿಟ್ ಜನ ಮರದಲ್ಲಿ ಕಡೆದು ನಿಲ್ಲಿಸಿದ ಕುಲಕಂಬಗಳನ್ನು ಕಂಡೆವು. ಜೂನೋ ಅಲಾಸ್ಕಾದ ರಾಜಧಾನಿ. ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ; ನೀರಿನ ಮೇಲೆ ಅಥವಾ ಆಕಾಶದಲ್ಲಿ ಬರಬೇಕು. ಅಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ನೋಡಿದೆವು. ಚಳಿಗಾಲದಲ್ಲಿ ಹವಾಯಿ ದ್ವೀಪಗಳ ಬೆಚ್ಚನೆಯ ನೀರಿನಲ್ಲಿ ಮರಿ ಹಾಕಿ, ಬೇಸಿಗೆಯಲ್ಲಿ ಹೊಟ್ಟೆಗಾಗಿ ಇಷ್ಟು ದೂರ ಈಜಿ ಬರುವ ಜೀವಗಳವು. ಸ್ಕ್ಯಾಗ್ವೇದಲ್ಲಿ 1898ರಿಂದ 1900ರವರೆಗೆ ಚಿನ್ನದ ಆಸೆಗಾಗಿ ಬೆಟ್ಟ ಕೊರೆದು ಹಾಕಿದ ಕಿರಿದಾದ ರೈಲುಹಾದಿಯಿದೆ. ಪ್ರಪಾತದ ಅಂಚಿನಲ್ಲಿ ಸಾಗುವ ಆ ಗಾಡಿಯಲ್ಲಿ ನಮ್ಮ ಮನೆಯವರು ಕಿಟಕಿಯ ಬಳಿ ಕುಳಿತು, ದೂರದ ಶಿಖರಗಳ ಮೇಲೆ ಕಣ್ಣಿಟ್ಟು, ಏನೂ ಆಗದೆ ಹೋಗಿ ಬಂದರು.

ಆರನೆಯ ದಿನ ಗ್ಲೇಸಿಯರ್ ಬೇ. 1794ರಲ್ಲಿ ಕಪ್ತಾನ ವ್ಯಾಂಕೂವರನ ತಂಡ ಅಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲ, ಬಾಯಿಯವರೆಗೂ ಹಿಮದ ಗೋಡೆಯಿತ್ತು. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಆ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಇಂದು ನಾವು ಹಡಗಿನಲ್ಲಿ ಸಾಗುವ ನೀರೆಲ್ಲ ಅಂದಿನ ಹಿಮದ ನೆಲೆ. ಉದ್ಯಾನದ ಅಧಿಕಾರಿಗಳು ಹಡಗಿಗೆ ಬಂದು ಇದನ್ನೆಲ್ಲ ವಿವರಿಸಿದರು. ಕೊಲ್ಲಿಯ ತುದಿಯಲ್ಲಿ ಮಾರ್ಜರಿ ಹಿಮನದಿ ಒಂದು ಮೈಲಿ ಅಗಲದ ನೀಲಿ ಗೋಡೆಯಾಗಿ, ನೀರಿನಿಂದ ಸುಮಾರು 250 ಅಡಿ ಎತ್ತರಕ್ಕೆ ನಿಂತಿತ್ತು. ಹಡಗು ಅದರ ಮುಂದೆ ನಿಂತಿತು. ಎರಡು ಸಾವಿರ ಜನ ಮಾತು ನಿಲ್ಲಿಸಿ ಕಾಯುತ್ತಿದ್ದರು. ಒಮ್ಮೆಲೆ ಸಿಡಿಲಿನಂತಹ ಸದ್ದು. ಮನೆಯಷ್ಟು ದೊಡ್ಡ ಹಿಮದ ತುಂಡೊಂದು ಕಳಚಿ ನೀರಿಗೆ ಬಿದ್ದಿತು. ಸದ್ದು ನಮ್ಮನ್ನು ತಲುಪುವ ಮೊದಲೇ ತುಂಡು ಬಿದ್ದಾಗಿತ್ತು. ನಮ್ಮ ಮನೆಯವರು ಕೈ ಜೋಡಿಸಿ ನಿಂತುಬಿಟ್ಟರು. ಬಹಳ ಹೊತ್ತಿನ ಮೇಲೆ, “ಬರದಿದ್ರ ಇದನ್ನ ನೋಡ್ತಿದ್ದಿಲ್ಲ” ಎಂದಷ್ಟೇ ಹೇಳಿದರು.

ಮರಳುವಾಗ ಮತ್ತೆ ಒಂದು ದಿನ ತೆರೆದ ಸಾಗರ. ಈ ಸಲ ಅವರೇ ಮುಂಚಿತವಾಗಿ ಮಾತ್ರೆ ನುಂಗಿ, ಶುಂಠಿ ಬಾಯಿಗೆ ಹಾಕಿಕೊಂಡು, ತಮ್ಮ ಕುರ್ಚಿಯನ್ನು ತಾವೇ ಹುಡುಕಿಕೊಂಡರು. ಪಕ್ಕದಲ್ಲಿ ಪುಸ್ತಕದೊಳಗೆ ಮುಖವಿಟ್ಟು ನರಳುತ್ತಿದ್ದ ವೃದ್ಧೆಯೊಬ್ಬರಿಗೆ ಭಾಷೆ ಬಾರದಿದ್ದರೂ ಪುಸ್ತಕ ಮುಚ್ಚಿಸಿ, ದೂರದ ಗೆರೆಯತ್ತ ಬೆರಳು ತೋರಿಸಿ, ಎರಡು ಶುಂಠಿ ಪೆಪ್ಪರಮಿಂಟು ಕೊಟ್ಟರು. ಸಂಜೆ ಆ ವೃದ್ಧೆ ಅವರ ಕೈ ಹಿಡಿದು ಬಿಡಲೇ ಇಲ್ಲ. ಅಂದು ರಾತ್ರಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ತಾಸು ನಿಂತು, ಎಂಟನೆಯ ಬೆಳಿಗ್ಗೆ ಸಿಯಾಟಲ್ ಸೇರಿದೆವು. ಭಾರತದ ಪಾಸ್‌ಪೋರ್ಟಿನವರು ಈ ಯಾನಕ್ಕೆ ಕೆನಡಾದ ವೀಸಾವನ್ನೂ, ಅಮೆರಿಕಕ್ಕೆ ಮರಳಿ ಪ್ರವೇಶಿಸಲು ಅನುಮತಿಯಿರುವ ವೀಸಾವನ್ನೂ ಮೊದಲೇ ನೋಡಿಕೊಳ್ಳಬೇಕು. ನೆಲಕ್ಕಿಳಿದ ಮೇಲೂ ಎರಡು ದಿನ ಮನೆಯ ನೆಲ ತೂಗಾಡಿದಂತೆ ನಮಗಿಬ್ಬರಿಗೂ ಅನಿಸಿತು. ಕಡಲಿಗೆ ಹೊಂದಿಕೊಂಡ ಮಿದುಳು ನೆಲಕ್ಕೆ ಮತ್ತೆ ಹೊಂದಿಕೊಳ್ಳುವುದಕ್ಕೆ ಬೇಕಾದ ಸಮಯವದು. ಯಾರೂ ಗಾಬರಿಪಡಬೇಕಾಗಿಲ್ಲ. ವಾರಗಟ್ಟಲೆ ನಿಂತರೆ ಮಾತ್ರ ವೈದ್ಯರಲ್ಲಿ ಹೋಗಬೇಕು.

ಹೊರಡಲಿರುವ ಹಿರಿಯರಿಗೆ ನಮ್ಮ ಅನುಭವದ ಸಾರ ಇಷ್ಟು. ಹಡಗಿನ ನಡುಭಾಗದ ಕೆಳ ಅಂತಸ್ತಿನ ಕೋಣೆಯನ್ನು ಹಿಡಿಯಿರಿ. ವೈದ್ಯರು ಬರೆದ ಮಾತ್ರೆಯನ್ನು ಸಂಕಟಕ್ಕೆ ಮೊದಲೇ ಸೇವಿಸಿರಿ. ಮಿತವಾಗಿ ಉಣ್ಣಿರಿ. ಗಾಳಿ ಬೀಸುವೆಡೆ ಕುಳಿತು ದೂರದ ಗೆರೆಯನ್ನು ನೋಡಿರಿ. ಆಗದಿದ್ದರೆ ಕಣ್ಣು ಮುಚ್ಚಿ ಮಲಗಿರಿ. ಓದುವುದು, ಮೊಬೈಲು ನೋಡುವುದು ಬೇಡ. ನಡೆಯುವಾಗ ಒಂದು ಕೈ ಸದಾ ಹಿಡಿಕೆಯ ಮೇಲಿರಲಿ. ಈ ವಯಸ್ಸಿನಲ್ಲಿ ವಾಂತಿಗಿಂತ ಜಾರಿ ಬೀಳುವುದೇ ಹೆಚ್ಚು ಅಪಾಯ. ಎರಡು ದಿನ ತಾಳಿರಿ, ಮೂರನೆಯ ದಿನ ಕಡಲು ನಿಮ್ಮದಾಗುತ್ತದೆ. ಎಷ್ಟು ಮಾಡಿದರೂ ಕೆಲವರ ದೇಹ ಒಗ್ಗದು. ಅಂಥವರನ್ನು ಅಧೈರ್ಯದವರೆಂದು ಹಂಗಿಸುವುದು ಸಲ್ಲದು.

ಧಾರವಾಡಕ್ಕೆ ಮರಳಿದ ತಿಂಗಳೊಳಗೆ ನಮ್ಮ ಮನೆಯವರು ಕಾರವಾರದ ಮಾತೆತ್ತಿದರು. ಮಳೆಗಾಲ ಮುಗಿಯುವವರೆಗೆ ಕಾದು, ದಸರೆಯ ನಂತರ ಕಾರಿನಲ್ಲಿ ಹೊರಟೆವು. ಮುಂದಿನ ಸೀಟು ಅವರದು. ಅರ್ಧ ತಾಸು ಮುಂಚೆ ಮಾತ್ರೆ, ಬಾಯಲ್ಲಿ ಶುಂಠಿ, ತೆರೆದ ಕಿಟಕಿ, ಕಣ್ಣು ರಸ್ತೆಯ ಮುಂದಿನ ತಿರುವಿನ ಮೇಲೆ. ಅರಬೈಲಿನ ನಡುವೆ ಒಮ್ಮೆ ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ನಡೆದಾಡಿದರು, ಮತ್ತೆ ಹತ್ತಿದರು. ಮಧ್ಯಾಹ್ನ ಅಕ್ಕನ ಮನೆಯ ಬಾಗಿಲಲ್ಲಿ ಕಾರು ನಿಂತಾಗ ಆ ಹಿರಿಯ ಜೀವ ಕೋಲೂರಿಕೊಂಡು ಹೊಸ್ತಿಲಿಗೆ ಬಂದಿತ್ತು. ಮೂವತ್ತೈದು ವರ್ಷಗಳ ಮೇಲೆ ತಂಗಿ ಅಕ್ಕನ ಮನೆಯ ಹೊಸ್ತಿಲು ತುಳಿದಳು. ಅಕ್ಕ, “ಹೊಟ್ಟಿ ಹ್ಯಾಂಗೈತಿ?” ಎಂದು ಕೇಳಿದರು. “ಹಸ್ತೈತಿ, ಉಣ್ಣಾಕ ನೀಡು” ಎಂದರು ನಮ್ಮ ಮನೆಯವರು.

ಅಂಜಿಕೆಯ ಬೇಲಿಯೊಳಗೆ ಕುಳಿತಿರುವ ತಾಯಂದಿರಿಗೂ ತಂದೆಯರಿಗೂ ಇಂತಹ ಭೇಟಿಗಳು ಒದಗಿಬರಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.